ಕಾರ್ಟೂನಿನ ತುಟಿ ಅಲುಗಾಡೋ ಲೆಕ್ಕಕ್ಕೂ ಮಾಲೀಕ ಇರ್ತಾನೇನು?

ವಿಜಯಪುರದಿಂದ ಮಾತಾಡ್ತಾ ಇದ್ದೀನಿ. ಈ ಸಂಚಿಕೆ ಪೇಟೆಂಟ್ ಬಗ್ಗೆ. ಪೇಟೆಂಟ್ ಅಂದ ಕೂಡಲೇ ಔಷಧ ಕಂಪನಿ, ಮೊಬೈಲ್ ಕಂಪನಿ ಇಂಥವೇ ನೆನಪಾಗ್ತಾವು. ಇವತ್ತು ನಾವು ನೋಡೋದು ಕಾರ್ಟೂನಿನ ಬಾಯಿ. ಪರದೆ ಮೇಲಿನ ಗೊಂಬೆ ಮಾತಾಡುವಾಗ ಅದರ ತುಟಿ ಹೆಂಗ ಅಲುಗಾಡಬೇಕು, ಒಂದು ಚಿತ್ರ ಈ ಮೂಲೆಯಿಂದ ಆ ಮೂಲೆಗೆ ಯಾವ ದಾರಿ ಹಿಡಿದು ಹೋಗಬೇಕು, ಈ ಲೆಕ್ಕವನ್ನು ಒಬ್ಬರು ‘ಇದು ನಂದು’ ಅನ್ನಬಹುದಾ? ಅಮೆರಿಕದಲ್ಲಿ ಇದೇ ಪ್ರಶ್ನೆ ಮೇಲೆ ವರ್ಷಗಟ್ಟಲೆ ಕೋರ್ಟ್ ನಡೆದಿದೆ. ಆ ಕಥೆ ನಮ್ಮ ಊರಿನ ತನಕ ಬಂದು ಮುಟ್ಟೇತಿ, ಅದಕ್ಕೇ ಈ ಸಂಚಿಕೆ.

ಬಬಲೇಶ್ವರ ಕಡೆಯ ಗೆಳೆಯನೊಬ್ಬ ಇದ್ದಾನ. ಹೆಸರು ಹೇಳಬ್ಯಾಡ ಅಂದಾನ, ಹೇಳೋದಿಲ್ಲ. ಮದುವೆ ವಿಡಿಯೋ ಎಡಿಟಿಂಗ್‌ನಿಂದ ಶುರು ಮಾಡಿದವನು. ಆಮೇಲೆ ಟಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ, ಔಷಧಿ ಅಂಗಡಿಯವರಿಗೆ ಸಣ್ಣ ಸಣ್ಣ ಅನಿಮೇಷನ್ ವಿಡಿಯೋ ಮಾಡಿಕೊಡಾಕ ಹತ್ತಿದ. ಒಬ್ಬ ಕಾರ್ಟೂನ್ ರೈತ, ಒಬ್ಬಾಕಿ ಕಾರ್ಟೂನ್ ಅವ್ವ. ಔಷಧಿ ಯಾವಾಗ ಹೊಡಿಬೇಕು, ಶೆಡ್ಡಿನಾಗ ಒಣದ್ರಾಕ್ಷಿ ಹೆಂಗ ಒಣಗಿಸಬೇಕು ಅಂತ ಇಬ್ಬರೂ ನಮ್ಮ ಭಾಷೆಯಲ್ಲೇ ಮಾತಾಡ್ತಾರ. ತೊಂದರೆ ಏನಾಯ್ತು ಅಂದ್ರ, ತುಟಿ ಅಲುಗಾಡಿಸೋ ಅಂತ ಸಿಗುವ ಸಾಫ್ಟ್‌ವೇರ್‌ಗಳೆಲ್ಲ ಇಂಗ್ಲಿಷಿಗೆ ಮಾಡಿದವು. ಅವ್ವ ‘ಅಪ್ಪಿ ತಪ್ಪಿ ಹೊಡೀಬ್ಯಾಡ್ರಪ್ಪಾ’ ಅಂದ್ರ ಬಾಯಿ ಮುಚ್ಚೋ ಹೊತ್ತಿಗೆ ತೆರೀತಿತ್ತು, ತೆರೆಯೋ ಹೊತ್ತಿಗೆ ಮುಚ್ಚತಿತ್ತು. ಆತ ಎರಡು ವರ್ಷ ರಾತ್ರಿ ಕುಂತು ಕನ್ನಡಕ್ಕೇ ಅಂತ ಒಂದು ಪ್ರೋಗ್ರಾಂ ಬರೆದ. ಕನ್ನಡ ಬರಹ ಮತ್ತು ಧ್ವನಿ ಕೊಟ್ಟರೆ ಸಾಕು, ಬಾಯಿ ತಾನೇ ಹೊಂದಿಕೊಳ್ತದ.

ಈಗ ಪುಣೆಯ ಒಂದು ಕಂಪನಿ ಮಕ್ಕಳ ಪಾಠದ ವಿಡಿಯೋಗಳಿಗೆ ಈ ಪ್ರೋಗ್ರಾಂ ಬೇಕು ಅಂತ ಬಂದಿದೆ. ಮೂರೂವರೆ ಲಕ್ಷ ಕೊಡ್ತೀವಿ ಅಂದಾರ. ಒಪ್ಪಂದದ ಕಾಗದ ಕಳಿಸಿದ್ರು. ಅದರೊಳಗೊಂದು ಕಲಮು: ಈ ಸಾಫ್ಟ್‌ವೇರ್ ಯಾರದೇ ಪೇಟೆಂಟ್ ಉಲ್ಲಂಘಿಸುತ್ತದೆ ಅಂತ ಜಗತ್ತಿನ ಯಾವುದೇ ಮೂಲೆಯಲ್ಲಿ ದಾವೆ ಬಂದರೆ, ಪೂರ್ತಿ ಖರ್ಚು, ಪರಿಹಾರ ಎಲ್ಲ ಮಾರಿದವನ ತಲೆ ಮೇಲೆ. ಮಿತಿ ಇಲ್ಲ. ‘ಲೇ ದೋಸ್ತ, ನೀ ಬಿ.ಕಾಂ ಅದಿ, ಇದನ್ನೊಮ್ಮೆ ಓದಿ ಹೇಳು’ ಅಂತ ಕಳಿಸಿದ. ಓದಿದೆ. ಓದಿದ ಮೇಲೆ ಎರಡು ಪ್ರಶ್ನೆ ಬಂದವು. ಒಂದು, ಇಂಥ ತಂತ್ರದ ಮೇಲೆ ನಿಜವಾಗ್ಲೂ ಯಾರಾದರೂ ದಾವೆ ಹಾಕ್ತಾರಾ? ಇನ್ನೊಂದು, ಹಾಕೋದಾದರೆ ನನ್ನ ಗೆಳೆಯನೇ ಯಾಕ ಒಂದು ಪೇಟೆಂಟ್ ತೊಗೋಬಾರದು?

ಮೋಷನ್ ಪಾತ್ ಅಂದ್ರೇನು?

ಮೊದಲು ತಂತ್ರ ಏನಂತ ತಿಳ್ಕೊಳ್ಳೋಣ. ಪರದೆ ಮೇಲೆ ನಮ್ಮ ಜಿಲ್ಲೆಯ ನಕ್ಷೆ ಇದೆ ಅಂತ ಅಂದುಕೊಳ್ಳಿ. ಒಂದು ಟ್ರ್ಯಾಕ್ಟರ್ ಚಿತ್ರ ವಿಜಯಪುರದಿಂದ ಹೊರಟು ಟಿಕೋಟಾ ಮುಟ್ಟಬೇಕು. ಹಳೆಯ ಕಾಲದಾಗ ಆದ್ರೆ ಸೆಕೆಂಡಿಗೆ 24 ಚಿತ್ರ ಕೈಯಿಂದ ಬರೀಬೇಕಿತ್ತು. ಕಂಪ್ಯೂಟರ್ ಬಂದ ಮೇಲೆ ನಾವು ಮೊದಲನೇ ಜಾಗ, ಕೊನೇ ಜಾಗ ಅಷ್ಟೇ ಹೇಳ್ತೀವಿ. ಇವಕ್ಕೆ ಕೀಫ್ರೇಮ್ ಅಂತಾರ. ನಡುವಿನ ಚಿತ್ರಗಳನ್ನು ಯಂತ್ರ ಲೆಕ್ಕ ಹಾಕಿ ತುಂಬಿಸ್ತದ. ಟ್ರ್ಯಾಕ್ಟರ್ ನೇರ ಹೋಗದೆ ರಸ್ತೆಯ ತಿರುವಿನ ಮೇಲೇ ಹೋಗಬೇಕು ಅಂದ್ರ ಒಂದು ಬಾಗಿದ ಗೆರೆ ಎಳೀತೀವಿ. ಆ ಗೆರೆಯೇ ಮೋಷನ್ ಪಾತ್, ಚಲನೆಯ ದಾರಿ. ಕಾಲೇಜಿನಲ್ಲಿ ಸೆಮಿನಾರ್‌ಗೆ ಪವರ್‌ಪಾಯಿಂಟ್ ಮಾಡಿದವರೆಲ್ಲ ಇದನ್ನು ನೋಡೀರಿ.

ತುಟಿಗೂ ಇದೇ ಸೂತ್ರ. ಮುಖದ ಒಂದು ಸಹಜ ಮಾದರಿ ಇರ್ತದ. ಜೊತೆಗೆ ‘ಆ’ ಅಂದಾಗಿನ ಬಾಯಿ, ‘ಊ’ ಅಂದಾಗಿನ ಬಾಯಿ, ‘ಮ’ ಅಂದಾಗಿನ ಬಾಯಿ ಅಂತ ಹಲವು ಮಾದರಿ. ಯಾವ ಕ್ಷಣಕ್ಕೆ ಯಾವ ಮಾದರಿ ಎಷ್ಟು ಪಾಲು ಬೆರೀಬೇಕು ಅಂತ 0ಯಿಂದ 1ರ ನಡುವೆ ಒಂದು ತೂಕ ಕೊಡ್ತಾರ. ತೂಕ ಏರಿ ಇಳಿದಂಗ ಮುಖದ ಒಂದೊಂದು ಬಿಂದು ತನ್ನ ದಾರಿಯಲ್ಲಿ ಹೋಗಿ ಬರ್ತದ.

ಇಲ್ಲಿ ಕನ್ನಡದ್ದೊಂದು ಅನುಕೂಲ ಇದೆ. ನಮ್ಮ ವರ್ಣಮಾಲೆಯೇ ಬಾಯಿಯ ನಕ್ಷೆ ಇದ್ದಂಗ. ಕ-ವರ್ಗ ಗಂಟಲು, ಚ-ವರ್ಗ ಅಂಗಳ, ಪ-ವರ್ಗ ತುಟಿ. ಪ, ಫ, ಬ, ಭ, ಮ ಐದಕ್ಕೂ ತುಟಿ ಮುಚ್ಚಲೇಬೇಕು, ಹೊರಗಿನಿಂದ ನೋಡಿದ್ರ ಐದೂ ಒಂದೇ. ಕ-ವರ್ಗದಲ್ಲಿ ತುಟಿಗೆ ಕೆಲಸವೇ ಇಲ್ಲ, ಮುಂದಿನ ಸ್ವರ ಹೇಳಿದಂಗ ಕೇಳ್ತದ. ‘ಕಾ’ ಅನ್ನೋ ಮೊದಲು ಬಾಯಿ ಅಗಲ, ‘ಕೂ’ ಅನ್ನೋ ಮೊದಲೇ ತುಟಿ ದುಂಡಗೆ. ಕನ್ನಡಿ ಮುಂದೆ ನಿಂತು ಹೇಳಿ ನೋಡ್ರಿ. ಒತ್ತಕ್ಷರ ಬಂದ್ರ ಕಾಲ ಹೆಚ್ಚು: ‘ಅಪ್ಪ’ ಅಂದಾಗ ತುಟಿ ಮುಚ್ಚಿ ಒಂದು ಗಳಿಗೆ ಹಂಗೇ ನಿಲ್ಲಬೇಕು. ಗೆಳೆಯ ಮಾಡಿದ ಕೆಲಸದ ಮುಖ್ಯ ಭಾಗ ಇದೇ. ಬಿಡಿ ಅಕ್ಷರ ಅಲ್ಲ, ಅಕ್ಷರಗಳ ಸಾಲು ಮತ್ತು ಅವುಗಳ ಕಾಲ ನೋಡಿ ನಿಯಮ ಬರೆದಿದ್ದಾನ. ಇದನ್ನ ನೆನಪಿಟ್ಟುಕೊಳ್ರಿ, ಯಾಕಂದ್ರ ಅಮೆರಿಕದ ದಾವೆ ನಿಂತಿದ್ದೂ ಇದರ ಮೇಲೇನೇ.

ಗೆರೆಯ ಹಿಂದಿನ ಹಳೇ ಕಥೆ

ಬಾಗಿದ ಗೆರೆ ಎಳೆಯೋ ಗಣಿತ ಅನಿಮೇಷನ್‌ನಿಂದ ಬಂದಿದ್ದಲ್ಲ, ಕಾರಿನ ಕಾರ್ಖಾನೆಯಿಂದ ಬಂದಿದ್ದು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೊ ಅನ್ನುವವರು 1959ರ ಹೊತ್ತಿಗೇ ಅದನ್ನು ಕಂಡುಕೊಂಡಿದ್ದರು. ಕಂಪನಿ ಗುಟ್ಟಾಗಿ ಇಟ್ಟುಕೊಂಡಿತು. ರೆನೋ ಕಂಪನಿಯ ಪಿಯರ್ ಬೆಜಿಯೆ ತಮ್ಮದೇ ದಾರಿಯಲ್ಲಿ ಅದೇ ಗೆರೆಗೆ ಬಂದು 1960ರ ದಶಕದಲ್ಲಿ ಪ್ರಕಟಿಸಿದರು. ಇವತ್ತು ಎಲ್ಲ ಸಾಫ್ಟ್‌ವೇರ್‌ನಲ್ಲೂ ಅದು ‘ಬೆಜಿಯೆ ಕರ್ವ್’. ಮೊದಲು ಕಂಡವರ ಹೆಸರಲ್ಲ, ಮೊದಲು ಪ್ರಕಟಿಸಿದವರ ಹೆಸರು ಉಳೀತು.

ಕೀಫ್ರೇಮ್ ನಡುವಿನ ಚಿತ್ರವನ್ನು ಯಂತ್ರದಿಂದ ತುಂಬಿಸೋ ಕೆಲಸ ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಮಾಡಿದರು. ಆ ತಂತ್ರದಿಂದ ಪೀಟರ್ ಫೋಲ್ಡೆಸ್ ನಿರ್ದೇಶಿಸಿದ ‘ಹಂಗರ್’ ಕಿರುಚಿತ್ರ 1974ರಲ್ಲಿ ಬಂತು, ಆಸ್ಕರ್‌ಗೂ ನಾಮನಿರ್ದೇಶನ ಆಯ್ತು. ಅಂದ್ರ 50 ವರ್ಷದ ಹಿಂದೆಯೇ ಮೂಲ ಉಪಾಯ ಲೋಕಕ್ಕೆ ಗೊತ್ತಿತ್ತು. ಪೇಟೆಂಟ್ ಕಾನೂನಿನಲ್ಲಿ ಇದಕ್ಕೆ ಬಹಳ ಬೆಲೆ. ಮೊದಲೇ ಪ್ರಕಟವಾದದ್ದಕ್ಕೆ ಹೊಸದಾಗಿ ಹಕ್ಕು ಸಿಗೋದಿಲ್ಲ. ಹಂಗಾಗಿ ‘ಗೆರೆ ಮೇಲೆ ಚಿತ್ರ ಓಡಿಸೋದು’ ಅನ್ನೋದನ್ನೇ ಯಾರೂ ಪೂರ್ತಿ ಕಟ್ಟಿ ಹಾಕೋಕೆ ಆಗೋದಿಲ್ಲ. ಜಗಳ ನಡೆಯೋದು ಅದರ ಮೇಲೆ ಕಟ್ಟಿದ ಸಣ್ಣ ಸಣ್ಣ ಸುಧಾರಣೆಗಳ ಮೇಲೆ.

ಮ್ಯಾಕ್‌ರೋ ದಾವೆ

ಈಗ ಅಮೆರಿಕಕ್ಕೆ ಬರೋಣ. ಮಾರಿ ರೋಸೆನ್‌ಫೆಲ್ಡ್ ಅನ್ನುವವರು 1997ರಲ್ಲಿ ಒಂದು ಅರ್ಜಿ ಹಾಕಿದರು. ಮೂರು ಆಯಾಮದ ಪಾತ್ರಗಳ ತುಟಿ ಮತ್ತು ಮುಖಭಾವವನ್ನು ಧ್ವನಿಗೆ ತಕ್ಕಂಗ ತಾನೇ ಅಲುಗಾಡಿಸೋ ವಿಧಾನ. ಆಗ ಅನಿಮೇಟರ್‌ಗಳ ಹತ್ತಿರ ಯಾವ ಕ್ಷಣಕ್ಕೆ ಯಾವ ಧ್ವನಿ ಅನ್ನೋ ಪಟ್ಟಿ ಇರ್ತಿತ್ತು. ಅದನ್ನು ನೋಡಿ, ತಮ್ಮ ಕಣ್ಣಂದಾಜಿನಿಂದ, ಒಂದೊಂದು ಕೀಫ್ರೇಮಿಗೂ ತೂಕ ತಾವೇ ಕೊಡ್ತಿದ್ದರು. ರೋಸೆನ್‌ಫೆಲ್ಡ್ ಹೇಳಿದ್ದು: ಧ್ವನಿಗಳ ಸಾಲು ಮತ್ತು ಕಾಲ ನೋಡಿ ತೂಕ ನಿರ್ಧರಿಸೋ ನಿಯಮ ಬರೀರಿ, ಕಂಪ್ಯೂಟರ್ ಅದನ್ನು ಪಾಲಿಸಲಿ. 2001ರಲ್ಲಿ ಒಂದು, 2003ರಲ್ಲಿ ಇನ್ನೊಂದು ಪೇಟೆಂಟ್ ಸಿಕ್ಕವು. ಇವು ಮ್ಯಾಕ್‌ರೋ ಅನ್ನೋ ಸಣ್ಣ ಕಂಪನಿ ಕೈಯಲ್ಲಿದ್ದವು, ಪ್ಲಾನೆಟ್ ಬ್ಲೂ ಅನ್ನೋ ಹೆಸರಿನಲ್ಲಿ ಅದು ವ್ಯವಹಾರ ಮಾಡ್ತಿತ್ತು.

ಹತ್ತು ವರ್ಷ ಆದ ಮೇಲೆ ಮ್ಯಾಕ್‌ರೋ ವಿಡಿಯೋ ಗೇಮ್ ಕಂಪನಿಗಳ ಮೇಲೆ ಸಾಲು ಸಾಲಾಗಿ ದಾವೆ ಹಾಕಿತು. ಬಂದೈ ನಾಮ್ಕೊ, ಸೆಗಾ, ಎಲೆಕ್ಟ್ರಾನಿಕ್ ಆರ್ಟ್ಸ್, ಡಿಸ್ನಿ, ಕ್ಯಾಪ್‌ಕಾಮ್, ಸೋನಿ, ಆಕ್ಟಿವಿಷನ್... ಪಟ್ಟಿ ಉದ್ದ ಇದೆ. ಕೇಸು ನಡೀತಿರುವಾಗಲೇ, 2014ರ ಜೂನ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ‘ಆಲಿಸ್’ ಅನ್ನೋ ಬೇರೆ ಪ್ರಕರಣದಲ್ಲಿ ತೀರ್ಪು ಕೊಟ್ಟಿತು: ಒಂದು ಅಮೂರ್ತ ಕಲ್ಪನೆಯನ್ನು ಕಂಪ್ಯೂಟರ್ ಮೇಲೆ ಓಡಿಸಿದ ಮಾತ್ರಕ್ಕೆ ಪೇಟೆಂಟ್ ಆಗೋದಿಲ್ಲ. ಅದನ್ನು ಹಿಡಿದು ಕ್ಯಾಲಿಫೋರ್ನಿಯಾದ ಕೆಳ ಕೋರ್ಟ್ ಅದೇ ವರ್ಷ ಮ್ಯಾಕ್‌ರೋ ಪೇಟೆಂಟ್‌ಗಳೂ ಅಮೂರ್ತ, ಅಸಿಂಧು ಅಂತು.

ಮೇಲ್ಮನವಿ ಹೋಯ್ತು. 2016ರ ಸೆಪ್ಟೆಂಬರ್ 13ಕ್ಕೆ ಫೆಡರಲ್ ಸರ್ಕ್ಯೂಟ್ ಕೋರ್ಟ್ ತೀರ್ಪನ್ನು ತಿರುಗಿಸಿತು. ಅದರ ವಾದ ಸರಳ. ಮನುಷ್ಯ ಕಣ್ಣಂದಾಜಿನಿಂದ ಮಾಡ್ತಿದ್ದ ಕೆಲಸವನ್ನೇ ಯಂತ್ರಕ್ಕೆ ಹಚ್ಚಿದ್ದರೆ ಬೇರೆ ಮಾತು. ಇಲ್ಲಿ ಮನುಷ್ಯ ಬಳಸದೇ ಇದ್ದ ಒಂದು ನಿರ್ದಿಷ್ಟ ಬಗೆಯ ನಿಯಮ ಇದೆ, ಆ ನಿಯಮವೇ ಅನಿಮೇಷನ್ ತಂತ್ರವನ್ನು ಸುಧಾರಿಸಿದೆ, ಹಂಗಾಗಿ ಇದು ಅಮೂರ್ತ ಅಲ್ಲ. ಜಗತ್ತಿನ ಸಾಫ್ಟ್‌ವೇರ್ ವಕೀಲರೆಲ್ಲ ಇವತ್ತಿಗೂ ಉದಾಹರಿಸೋ ತೀರ್ಪು ಇದು.

ಇಲ್ಲಿಗೆ ಸಣ್ಣ ಕಂಪನಿ ದೊಡ್ಡವರನ್ನ ಗೆದ್ದಿತು ಅಂತ ಚಪ್ಪಾಳೆ ಹೊಡೀಬೇಡ್ರಿ. ಪೇಟೆಂಟ್ ಪಡೆಯೋ ಯೋಗ್ಯತೆ ಇದೆ ಅನ್ನೋದು ಒಂದು, ಎದುರಿನವನು ಉಲ್ಲಂಘಿಸ್ಯಾನ ಅನ್ನೋದು ಇನ್ನೊಂದು. ಕೇಸು ಮತ್ತೆ ಕೆಳಗೆ ಬಂತು. ಪೇಟೆಂಟ್‌ನಲ್ಲಿದ್ದ ‘ಮಾರ್ಫ್ ವೇಟ್ ಸೆಟ್’ ಅನ್ನೋ ಮಾತಿನ ಅರ್ಥ ಏನು, ಅದು ಬಿಂದುಗಳು ಸರಿಯುವ ಜ್ಯಾಮಿತಿಯ ಲೆಕ್ಕವೇ ಆಗಿರಬೇಕಾ ಅಂತ ಚರ್ಚೆ. ಹೌದು ಅಂತು ಕೋರ್ಟ್. ಗೇಮ್ ಕಂಪನಿಗಳು ಬಳಸಿದ ಲೆಕ್ಕ ಆ ಅರ್ಥದೊಳಗೆ ಬರೋದಿಲ್ಲ, ಹಂಗಾಗಿ ಉಲ್ಲಂಘನೆ ಇಲ್ಲ ಅಂತ ತೀರ್ಮಾನ ಆಯ್ತು. 2020ರ ಮೇ ತಿಂಗಳಲ್ಲಿ ಫೆಡರಲ್ ಸರ್ಕ್ಯೂಟ್ ಅದನ್ನು ಎತ್ತಿಹಿಡಿಯಿತು.

ಲೆಕ್ಕ ಹಾಕ್ರಿ. 1997ರ ಅರ್ಜಿ, 20 ವರ್ಷದ ಅವಧಿ, 2017ಕ್ಕೆ ಮುಗೀತು. ಕೊನೆಯ ತೀರ್ಪು 2020ಕ್ಕೆ. ಹಕ್ಕೇ ತೀರಿಹೋದ ಮೇಲೆ ಹಕ್ಕಿನ ಜಗಳ ಮುಗೀತು. ನಡುವೆ ಎರಡೂ ಕಡೆಯವರು ವಕೀಲರಿಗೆ ಹಣ ಕೊಡ್ತಾನೇ ಇದ್ದರು. ಹಿಂಗಾಗಿ ಗೆಳೆಯನಿಗೆ ಬರೆದ ಆ ಕಲಮಿನಲ್ಲಿ ‘ಪರಿಹಾರ’ ಅನ್ನೋ ಪದಕ್ಕಿಂತ ‘ಖರ್ಚು’ ಅನ್ನೋ ಪದಕ್ಕೆ ನಾನು ಹೆಚ್ಚು ಅಂಜಿದೆ. ಕೇಸು ಗೆದ್ದರೂ ಖರ್ಚು ತಪ್ಪೋದಿಲ್ಲ.

ದೊಡ್ಡವರು ಜಗಳಾಡಿದ್ರ

ಇನ್ನೊಂದು ಕಥೆ ನಮ್ಮ ಓರಗೆಯವರಿಗೆಲ್ಲ ಹತ್ತಿರದ್ದು. ಫ್ಲ್ಯಾಶ್ ನೆನಪಿದೆಯಲ್ಲ? ಶಾಲೆ ಕಂಪ್ಯೂಟರ್‌ನಲ್ಲಿ ಆಡ್ತಿದ್ದ ಗೇಮ್‌ಗಳೆಲ್ಲ ಅದರಲ್ಲೇ ಮಾಡಿದ್ದು. ಗೆರೆ ಎಳೆದು ಅದರ ಮೇಲೆ ಚಿತ್ರ ಓಡಿಸೋ ಸೌಲಭ್ಯವನ್ನು ಬಹಳ ಮಂದಿ ಮೊದಲು ಕಲಿತಿದ್ದು ಫ್ಲ್ಯಾಶ್‌ನಲ್ಲೇ. ಅದರ ಒಡೆಯ ಮ್ಯಾಕ್ರೋಮೀಡಿಯಾ. 2000ರ ಆಗಸ್ಟ್‌ನಲ್ಲಿ ಅಡೋಬಿ ಕಂಪನಿ ಅವರ ಮೇಲೆ ದಾವೆ ಹಾಕಿತು. ಅನಿಮೇಷನ್ ಲೆಕ್ಕಕ್ಕಲ್ಲ, ಉಪಕರಣಗಳ ಪಟ್ಟಿಯನ್ನು ಟ್ಯಾಬ್ ಮಾಡಿ ಜೋಡಿಸೋ, ಬೇರ್ಪಡಿಸೋ ವಿಧಾನಕ್ಕೆ. ಮ್ಯಾಕ್ರೋಮೀಡಿಯಾ ತನ್ನ ಪೇಟೆಂಟ್ ಹಿಡಿದು ಎದುರು ದಾವೆ ಹಾಕಿತು. 2002ರ ಮೇ ತಿಂಗಳಲ್ಲಿ ಒಂದು ಜ್ಯೂರಿ ಅಡೋಬಿಗೆ 28 ಲಕ್ಷ ಡಾಲರ್ ಕೊಡಿಸಿತು. ಸುಮಾರು ಒಂದು ವಾರದೊಳಗೆ ಇನ್ನೊಂದು ಜ್ಯೂರಿ ಮ್ಯಾಕ್ರೋಮೀಡಿಯಾಕ್ಕೆ 49 ಲಕ್ಷ ಡಾಲರ್ ಕೊಡಿಸಿತು. ಜುಲೈಗೆ ಇಬ್ಬರೂ ರಾಜಿ ಆದರು. 2005ರಲ್ಲಿ ಅಡೋಬಿ ಮ್ಯಾಕ್ರೋಮೀಡಿಯಾವನ್ನೇ ಸುಮಾರು 340 ಕೋಟಿ ಡಾಲರ್‌ಗೆ ಕೊಂಡುಕೊಂಡಿತು.

ಇದರಿಂದ ತಿಳಿಯೋದೇನು? ದೊಡ್ಡ ಕಂಪನಿಗೆ ಪೇಟೆಂಟ್ ಅಂದ್ರ ಹೊಲದ ಬೇಲಿಗಿಂತ ಹೆಚ್ಚಾಗಿ ಬಡಿಗೆ ಇದ್ದಂಗ. ನೀ ಒಂದು ಎತ್ತಿದ್ರ ನಾ ಒಂದು ಎತ್ತೀನಿ, ಕಡೀಕ ಕುಂತು ಮಾತಾಡೋಣ. ಬಡಿಗೆಯೇ ಇಲ್ಲದ ಬಬಲೇಶ್ವರದ ಹುಡುಗ ಈ ಲೆಕ್ಕದಾಗ ಎಲ್ಲೂ ಬರೋದಿಲ್ಲ.

ಇನ್ನು ಜಿಫ್. ವಾಟ್ಸಾಪ್‌ನಲ್ಲಿ ದಿನಾ ಕಳಿಸ್ತೀವಲ್ಲ, ಅಲುಗಾಡೋ ಚಿತ್ರ. 1987ರಲ್ಲಿ ಕಂಪ್ಯೂಸರ್ವ್ ಅದನ್ನು ಬಿಟ್ಟಿತು, ಲೋಕವೆಲ್ಲ ಬಳಸಿತು. ಅದರೊಳಗಿನ ಸಂಕುಚನ ಲೆಕ್ಕದ ಪೇಟೆಂಟ್ ಯೂನಿಸಿಸ್ ಕಂಪನಿಯದು. 1994ರ ಕೊನೆಗೆ, ಜಿಫ್ ಬಳಸೋ ಸಾಫ್ಟ್‌ವೇರ್ ಮಾಡುವವರು ಪರವಾನಗಿ ತೊಗೋಬೇಕು ಅನ್ನೋ ಸುದ್ದಿ ಹೊರಬಿತ್ತು. ಎಲ್ಲರೂ ಗಾಬರಿ. ಸಿಟ್ಟಿಗೆದ್ದ ಪ್ರೋಗ್ರಾಮರ್‌ಗಳು ಕೂಡಿ ಪೇಟೆಂಟ್ ಇಲ್ಲದ ಪಿಎನ್‌ಜಿ ಮಾಡಿದರು. ಅಮೆರಿಕದಲ್ಲಿ ಆ ಪೇಟೆಂಟ್ 2003ರ ಜೂನ್‌ನಲ್ಲಿ ತೀರಿತು. ವೆಬ್ ಲೋಕ ಇದರಿಂದ ಪಾಠ ಕಲೀತು. ವೆಬ್‌ನ ಮಾನದಂಡ ರೂಪಿಸೋ ಡಬ್ಲ್ಯೂ3ಸಿ ಸಂಸ್ಥೆ 2004ರಲ್ಲಿ ಒಂದು ನೀತಿ ತಂದಿತು: ಮಾನದಂಡ ರೂಪಿಸುವಲ್ಲಿ ಪಾಲ್ಗೊಂಡ ಸದಸ್ಯರು ಅದಕ್ಕೆ ಅಗತ್ಯವಾದ ತಮ್ಮ ಪೇಟೆಂಟ್‌ಗಳನ್ನು ರಾಯಧನ ಇಲ್ಲದೆ ಬಳಸಲು ಬಿಡಬೇಕು. ಬ್ರೌಸರ್‌ನಲ್ಲಿ ಎಸ್‌ವಿಜಿ, ಸಿಎಸ್‌ಎಸ್‌ನ ಮೋಷನ್ ಪಾತ್ ಬರೆಯುವಾಗ ನಮಗೆ ಸಿಗೋ ನೆಮ್ಮದಿಯಲ್ಲಿ ಈ ನೀತಿಯ ಪಾಲು ದೊಡ್ಡದು.

ನಮ್ಮ ಕಾನೂನು ಏನಂತದ?

ಭಾರತದ್ದು 1970ರ ಪೇಟೆಂಟ್ ಕಾಯ್ದೆ. ಅದರ 3ನೇ ಕಲಂ ಯಾವುದು ಆವಿಷ್ಕಾರ ಅಲ್ಲ ಅಂತ ಪಟ್ಟಿ ಕೊಡ್ತದ. ಅದರಲ್ಲಿ 3(ಕೆ): ಗಣಿತದ ವಿಧಾನ, ವ್ಯಾಪಾರದ ವಿಧಾನ, ಅಲ್ಗಾರಿದಮ್, ಮತ್ತು ‘ಕೇವಲ’ ಕಂಪ್ಯೂಟರ್ ಪ್ರೋಗ್ರಾಂ. ಆ ‘ಕೇವಲ’ ಅನ್ನೋ ಒಂದು ಪದದ ಮೇಲೆ ಇಪ್ಪತ್ತು ವರ್ಷದಿಂದ ವಾದ ನಡೆದದ. 2004ರ ಡಿಸೆಂಬರ್‌ನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು ಸಾಫ್ಟ್‌ವೇರ್‌ಗೆ ಬಾಗಿಲು ಸ್ವಲ್ಪ ಅಗಲ ಮಾಡಿತ್ತು. 2005ರಲ್ಲಿ ಸಂಸತ್ತಿನಲ್ಲಿ ಅದು ಉಳೀಲಿಲ್ಲ, ಹಳೆಯ ಮಾತೇ ಮುಂದುವರೀತು.

2019ರ ಡಿಸೆಂಬರ್ 12ಕ್ಕೆ ದೆಹಲಿ ಹೈಕೋರ್ಟ್ ಫರೀದ್ ಅಲ್ಲಾನಿ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಹೇಳಿತು. ನ್ಯಾಯಮೂರ್ತಿ ಪ್ರತಿಭಾ ಸಿಂಗ್ ಅವರ ತೀರ್ಪು. ಪ್ರೋಗ್ರಾಂ ಇದೆ ಅನ್ನೋ ಒಂದೇ ಕಾರಣಕ್ಕೆ ಅರ್ಜಿ ತಳ್ಳಬಾರದು, ಅದರಿಂದ ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಕೊಡುಗೆ ಇದ್ದರೆ ಪೇಟೆಂಟ್ ಸಿಗಬಹುದು. ಅಲ್ಲಾನಿ ಅವರ ಅರ್ಜಿ ಭಾರತದ ಕಚೇರಿಗೆ ಬಂದಿದ್ದು 2002ರಲ್ಲಿ. ಈ ಮಾತು ಹೇಳಿಸಿಕೊಳ್ಳೋಕೆ 17 ವರ್ಷ ಹಿಡೀತು.

ಗೆಳೆಯನ ಪ್ರೋಗ್ರಾಂ ಇದರಲ್ಲಿ ಎಲ್ಲಿ ನಿಲ್ತದ? ನಾನು ವಕೀಲ ಅಲ್ಲ, ಓದಿ ತಿಳ್ಕೊಂಡಿದ್ದು ಹೇಳ್ತೀನಿ. ಅಮೆರಿಕದಲ್ಲಿ ಮ್ಯಾಕ್‌ರೋ ಗೆದ್ದ ವಾದವನ್ನು ಇಲ್ಲಿ ಹಂಗೇ ತಂದು ಇಡೋಕೆ ಬರೋದಿಲ್ಲ, ಯಾಕಂದ್ರ ನಮ್ಮ ಕಾಯ್ದೆಯಲ್ಲಿ ಅಲ್ಗಾರಿದಮ್ ಅನ್ನೋ ಪದವನ್ನೇ ಹೆಸರಿಟ್ಟು ಹೊರಗೆ ಹಾಕ್ಯಾರ. ‘ಧ್ವನಿ ಸಾಲು ಬಂದ್ರ ಈ ತೂಕ ಕೊಡು’ ಅನ್ನೋದನ್ನ ಪರೀಕ್ಷಕರು ಅಲ್ಗಾರಿದಮ್ ಅನ್ನೋ ಸಾಧ್ಯತೆ ಬಹಳ. ಅದರ ಮೇಲೆ ಅಕ್ಷರಗಳ ಸಾಲು ನೋಡಿ ತುಟಿ ಹೊಂದಿಸೋ ಉಪಾಯ 1997ರಷ್ಟು ಹಳೇದು. ಕನ್ನಡಕ್ಕೆ ಹೊಂದಿಸಿದ್ದು ದೊಡ್ಡ ಶ್ರಮ, ಉಪಯೋಗವೂ ದೊಡ್ಡದು. ಆದ್ರ ಶ್ರಮ ಬೇರೆ, ಕಾನೂನಿನ ಕಣ್ಣಿನಾಗ ಹೊಸತು ಅನ್ನಿಸಿಕೊಳ್ಳೋದು ಬೇರೆ.

ಒಂದು ಸಮಾಧಾನವೂ ಇದರಲ್ಲೇ ಇದೆ. ಗೆಳೆಯನಿಗೆ ಪೇಟೆಂಟ್ ಕೊಡದ ಬಾಗಿಲು ಬೇರೆಯವರಿಗೂ ಸುಲಭವಾಗಿ ತೆರೆಯೋದಿಲ್ಲ. ಟಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಇದು ಥಟ್ಟನೆ ತಿಳೀತದ. ತಾಸ್-ಎ-ಗಣೇಶ ತಳಿ ತಾಸಗಾಂವ ಕಡೆಯ ರೈತರು ಥಾಮ್ಸನ್ ಸೀಡ್‌ಲೆಸ್‌ನಿಂದ ಆರಿಸಿ ತೆಗೆದದ್ದು. ಕಡ್ಡಿ ಒಬ್ಬರಿಂದ ಒಬ್ಬರ ತೋಟಕ್ಕೆ ಹೋಗಿ ಹರಡಿತು. ಒಂದೊಂದು ಕಡ್ಡಿಗೂ ಪರವಾನಗಿ ಬೇಕು ಅಂದಿದ್ರ ಇಷ್ಟು ತೋಟ ಏಳ್ತಿದ್ದವಾ? ಆದ್ರ ಆರಿಸಿ ತೆಗೆದವರಿಗೆ ಏನು ಸಿಕ್ಕಿತು ಅಂತಲೂ ಕೇಳಬೇಕಲ್ಲ. ಎರಡೂ ಪ್ರಶ್ನೆ ನ್ಯಾಯದ್ದೇ, ಪೇಟೆಂಟ್ ಕಾನೂನು ಇವೆರಡರ ನಡುವೆಯೇ ಎಳೆದಾಡ್ತದ.

ಖರ್ಚಿನ ಲೆಕ್ಕ

ಇನ್ನ ನನ್ನ ಕೆಲಸ, ಲೆಕ್ಕ. ಒಬ್ಬ ವ್ಯಕ್ತಿ ತಾನೇ ಆನ್‌ಲೈನ್‌ನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ರ ಮೂಲ ಶುಲ್ಕ 1,600 ರೂಪಾಯಿ. ಪರೀಕ್ಷೆ ಮಾಡ್ರಿ ಅಂತ ಕೇಳೋಕೆ 4,000. ಪೇಟೆಂಟ್ ಸಿಕ್ಕಮೇಲೆ ಮೂರನೇ ವರ್ಷದಿಂದ ನವೀಕರಣ: ಆರನೇ ವರ್ಷದ ತನಕ ವರ್ಷಕ್ಕೆ 800, ಹತ್ತರ ತನಕ 2,400, ಹದಿನೈದರ ತನಕ 4,800, ಇಪ್ಪತ್ತರ ತನಕ 8,000. ಕೂಡಿಸಿದ್ರ 76,800. ಸರ್ಕಾರಿ ಶುಲ್ಕ ಇಷ್ಟೇ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗ್ತಾವು. ದೊಡ್ಡ ಖರ್ಚು ಅರ್ಜಿಯ ಕರಡು ಬರೆಯೋ ಏಜೆಂಟರದ್ದು. ಸ್ಟಾರ್ಟಪ್ ಅಂತ ನೋಂದಾಯಿಸಿಕೊಂಡವರಿಗೆ ಆ ಶುಲ್ಕವನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದೆ, ಅದನ್ನ ಮೊದಲು ವಿಚಾರಿಸ್ರಿ. ಇಲ್ಲಾಂದ್ರ ‘ಲಕ್ಷ ಕೊಡ್ರಿ, ಪೇಟೆಂಟ್ ಗ್ಯಾರಂಟಿ’ ಅನ್ನುವವರ ಕೈಗೆ ಸಿಗ್ತೀರಿ. ಪೇಟೆಂಟಿಗೆ ಗ್ಯಾರಂಟಿ ಕೊಡೋಕೆ ಯಾರ ಕೈಯಲ್ಲೂ ಆಗೋದಿಲ್ಲ.

ಮತ್ತೊಂದು ಎಚ್ಚರ. ಹೊಸದೇನೋ ಮಾಡಿದ ಖುಷಿಗೆ ‘ಇದು ಹೆಂಗ ಕೆಲಸ ಮಾಡ್ತದ ನೋಡ್ರಿ’ ಅಂತ ಯೂಟ್ಯೂಬ್‌ಗೆ ಹಾಕೋ ಮೊದಲು ಯೋಚಿಸ್ರಿ. ಅರ್ಜಿಗೆ ಮುಂಚೆ ನೀವೇ ಪ್ರಕಟಿಸಿದ್ರೂ ಸಾಮಾನ್ಯವಾಗಿ ಹೊಸತನ ಹೋದಂಗೇ. ಅದೇ ಮಾತನ್ನ ತಿರುಗಿಸಿದ್ರ ಅದು ಗುರಾಣಿ. ನಿಮಗೆ ಪೇಟೆಂಟ್ ಬ್ಯಾಡ, ಬೇರೆಯವರೂ ಕಟ್ಟಿಹಾಕಬಾರದು ಅಂದ್ರ ತಾರೀಖು ಸಮೇತ ಬಹಿರಂಗವಾಗಿ ಪ್ರಕಟಿಸ್ರಿ. ನಾಳೆ ಯಾರಾದರೂ ಅದನ್ನೇ ತಮ್ಮದು ಅಂತ ಅರ್ಜಿ ಹಾಕಿದ್ರ, ಪೇಟೆಂಟ್ ಮಂಜೂರಾಗೋ ಮೊದಲು 25(1)ನೇ ಕಲಂ ಪ್ರಕಾರ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಬೆಜಿಯೆ ಮತ್ತು ಕಾಸ್ಟೆಲ್ಜೊ ಕಥೆ ನೆನಪಾಗ್ತದಲ್ಲ?

ಪೇಟೆಂಟ್ ಇಲ್ಲ ಅಂದ್ರ ಏನೂ ಇಲ್ಲ ಅಂತಲ್ಲ. ಬರೆದ ಕೋಡ್‌ಗೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ ರಕ್ಷಣೆ ಬರೆದ ಕ್ಷಣದಿಂದಲೇ ಇದೆ. ಆ ಕೋಡ್ ಕದ್ದವರನ್ನ ಹಿಡೀಬಹುದು, ಅದೇ ಉಪಾಯವನ್ನ ತಮ್ಮದೇ ಕೋಡ್‌ನಲ್ಲಿ ಬರೆದವರನ್ನ ಹಿಡಿಯೋಕೆ ಆಗೋದಿಲ್ಲ. ಆ ಕಾರ್ಟೂನ್ ಅವ್ವನ ಚಿತ್ರಕ್ಕೂ ಹಕ್ಕುಸ್ವಾಮ್ಯ ಇದೆ, ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿಸಬಹುದು.

ಆ ಕಲಮಿಗೆ ಏನು ಉತ್ತರ?

ಈಗ ಒಪ್ಪಂದಕ್ಕೆ ಬರೋಣ. ಪೇಟೆಂಟ್ ಆಯಾ ದೇಶಕ್ಕೆ ಸೀಮಿತ. ಅಮೆರಿಕದ ಪೇಟೆಂಟ್ ಬಬಲೇಶ್ವರದಲ್ಲಿ ನಡೆಯೋದಿಲ್ಲ. ಆದ್ರ ಪುಣೆಯ ಕಂಪನಿ ನಾಳೆ ಅದೇ ಸಾಫ್ಟ್‌ವೇರ್ ಹಿಡಿದು ಅಮೆರಿಕದಲ್ಲಿ ವ್ಯಾಪಾರ ಮಾಡಿದ್ರ ಅಲ್ಲಿನ ಪೇಟೆಂಟ್ ಅಡ್ಡ ಬರಬಹುದು. ವ್ಯಾಪಾರ ಎಲ್ಲಿ ಅನ್ನೋ ನಿರ್ಧಾರ ಕಂಪನಿಯದು, ‘ಜಗತ್ತಿನ ಯಾವುದೇ ಮೂಲೆ’ ಅಂತ ಹೊಣೆ ಮಾತ್ರ ಹುಡುಗನದು. ಲಾಭ ಒಬ್ಬರ ಕಡೆ, ಮಿತಿ ಇಲ್ಲದ ನಷ್ಟ ಇನ್ನೊಬ್ಬರ ಕಡೆ. ಮೂರೂವರೆ ಲಕ್ಷಕ್ಕೆ ಆತ ಸಾಫ್ಟ್‌ವೇರ್ ಮಾರಿದಂಗಲ್ಲ, ಜೊತೆಗೆ ವಿಮೆಯನ್ನೂ ಪುಕ್ಕಟೆ ಬರೆದುಕೊಟ್ಟಂಗ.

ನಾವಿಬ್ಬರೂ ವಿಜಯಪುರದ ಒಬ್ಬ ವಕೀಲರ ಹತ್ತಿರ ಹೋದ್ವಿ. ಅವರು ಹೇಳಿದ್ದರಲ್ಲಿ ನಾಲ್ಕು ಮಾತು ನಿಮಗೂ ಉಪಯೋಗ ಆಗಬಹುದು. ಮೊದಲನೇದು, ಹೊಣೆಗೆ ಮಿತಿ ಹಾಕಿಸಬೇಕು: ಈ ಒಪ್ಪಂದದಲ್ಲಿ ಬಂದ ಹಣಕ್ಕಿಂತ ಹೆಚ್ಚು ಕೊಡೋದಿಲ್ಲ ಅಂತ. ಎರಡನೇದು, ಜಗತ್ತು ಅನ್ನೋದನ್ನ ಭಾರತ ಅಂತ ಮಾಡಿಸಬೇಕು. ಮೂರನೇದು, ‘ನನಗೆ ತಿಳಿದ ಮಟ್ಟಿಗೆ ಉಲ್ಲಂಘನೆ ಇಲ್ಲ’ ಅಂತ ಬರೀಬೇಕೇ ಹೊರತು ‘ಉಲ್ಲಂಘನೆ ಇಲ್ಲವೇ ಇಲ್ಲ’ ಅಂತ ಬರೀಬಾರದು. ನಾಲ್ಕನೇದು, ಕಂಪನಿ ಪ್ರೋಗ್ರಾಂ ತಿದ್ದಿದ್ರ, ಬೇರೆ ಸಾಫ್ಟ್‌ವೇರ್ ಜೊತೆ ಕೂಡಿಸಿದ್ರ, ಆ ಭಾಗದ ಹೊಣೆ ಅವರದೇ.

ದಾವೆ ಅಂತ ಬಂದ್ರ ಅದು ಜಿಲ್ಲಾ ಕೋರ್ಟಿಗಿಂತ ಕೆಳಗಿನ ಕೋರ್ಟಿನಲ್ಲಿ ನಡೆಯೋದಿಲ್ಲ. ‘ಆ ಪೇಟೆಂಟನ್ನೇ ರದ್ದು ಮಾಡ್ರಿ’ ಅಂತ ಪ್ರತಿದಾವೆ ಹಾಕಿದ್ರ ಹೈಕೋರ್ಟಿಗೆ ಹೋಗ್ತದ, ನಮ್ಮ ಜಿಲ್ಲೆಗೆ ಅಂದ್ರ ಕಲಬುರಗಿ ಪೀಠ. ಇನ್ನೊಂದು ಭರವಸೆಯ ಮಾತೂ ಕಾಯ್ದೆಯಲ್ಲಿದೆ. ಯಾರಾದರೂ ಆಧಾರ ಇಲ್ಲದೆ ‘ಪೇಟೆಂಟ್ ಉಲ್ಲಂಘನೆ ಮಾಡೀಯ’ ಅಂತ ನೋಟಿಸ್ ಕೊಟ್ಟು ಹೆದರಿಸಿದ್ರ, 106ನೇ ಕಲಂ ಪ್ರಕಾರ ನಾವೇ ಅವರ ಮೇಲೆ ದಾವೆ ಹಾಕಬಹುದು. ನೋಟಿಸ್ ಬಂದ ಕೂಡಲೇ ಹೆದರಿ ದುಡ್ಡು ಕೊಡಬ್ಯಾಡ್ರಿ, ಪೇಟೆಂಟ್ ನಂಬರ್ ಕೇಳ್ರಿ. ಆ ನಂಬರ್ ಭಾರತದ್ದಾ, ಅವಧಿ ಉಳಿದದಾ, ನವೀಕರಣ ಕಟ್ಟ್ಯಾರಾ ಅಂತ ಪೇಟೆಂಟ್ ಕಚೇರಿಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ ನೋಡಬಹುದು.

ಗೆಳೆಯ ಈ ನಾಲ್ಕೂ ತಿದ್ದುಪಡಿ ಬರೆದು ಕಳಿಸ್ಯಾನ. ಕಂಪನಿಯವರು ಎರಡಕ್ಕೆ ಒಪ್ಪಿದಾರ, ಮಿತಿಯ ವಿಷಯ ಮತ್ತು ಜಗತ್ತಿನ ವಿಷಯ ಇನ್ನೂ ಮಾತುಕತೆಯಲ್ಲಿದೆ. ಒಪ್ಪದಿದ್ರ ಸಹಿ ಮಾಡೋದಿಲ್ಲ ಅಂದಾನ. ಮನೀಯಾಗ ‘ಬಂದ ಲಕ್ಷ್ಮೀನ ಒದೀಬ್ಯಾಡಪಾ’ ಅಂತಾರ. ಅವರ ಮಾತಿನಾಗೂ ಅರ್ಥ ಇದೆ, ಮೂರೂವರೆ ಲಕ್ಷ ಅಂದ್ರ ಅವರ ಮನೆಗೆ ಸಣ್ಣ ರಕಮಲ್ಲ. ನಾನು ಹೇಳಿದ್ದಿಷ್ಟೇ: ಬರೋ ಹಣ ಎಷ್ಟು ಅಂತ ಒಪ್ಪಂದದಾಗ ಬರೆದದ, ಹೋಗೋ ಹಣ ಎಷ್ಟು ಅಂತ ಬರೆದಿಲ್ಲ. ಅದನ್ನೂ ಬರೆಸಿದ ಮೇಲೆ ಸಹಿ ಹಾಕು.

ನಿಮ್ಮಲ್ಲಿ ಯಾರಾದರೂ ಆ್ಯಪ್, ಸಾಫ್ಟ್‌ವೇರ್, ಅನಿಮೇಷನ್ ಮಾಡಿ ಮಾರೋರು ಇದ್ರ, ಸಹಿ ಮಾಡೋ ಮೊದಲು ಆ ಒಂದು ಕಲಮು ಹುಡುಕಿ ಓದ್ರಿ. ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದಾಗ ಇರ್ತದ. ಅನುಭವ ಇದ್ರ ಬರೆದು ಕಳಿಸ್ರಿ.